ತನುಜ ನಡೆ

ಗಿರಿದುರ್ಗ ಮತ್ತೆ ಬರುತ್ತಿದೆ ಎಂಬ ಸುದ್ದಿಯನ್ನು ತನುಜಳಿಗೆ ಮೊದಲು ಮುಟ್ಟಿಸಿದವನು ಚಿರಂಜೀವಿ. ಚಿಂತಾಮಣಿ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ಮೊಬೈಲ್ ಅಂಗಡಿ. ತನುಜ ಅದೇ ಊರಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಲ್ಯಾಬ್ ಮುಗಿಸಿ ಕೈ ತೊಳೆಯುತ್ತಿದ್ದಾಗ ಫೋನು ಬಂತು.

"ಅಕ್ಕಾ, ಮನ ಆಟ ಮಳ್ಳೀ ವಸ್ತಾ ಉಂದಿ!" ಎಂದು ಕೂಗಿದ. ಸಂತೋಷ ಮಿತಿ ಮೀರಿದರೆ ಅವನ ನಾಲಿಗೆ ತಾನಾಗಿ ತೆಲುಗಿಗೆ ಹೊರಳುತ್ತಿತ್ತು. "ಬೆಂಗಳೂರಲ್ಲಿ ಯಾವ್ದೋ ಹೊಸ ಕಂಪನಿಯವ್ರು ಹಕ್ಕು ತಗೊಂಡವ್ರಂತೆ. ಹೊಸ ಡಬ್ಬ, ಹೊಸ ಗೊಂಬೆ. ಗ್ರೂಪ್ ನೋಡಿ, ಎಲ್ರೂ ಹುಚ್ಚರಂಗೆ ಕುಣೀತಾವ್ರೆ."

ಗಿರಿದುರ್ಗ ಮೇಜಿನ ಮೇಲೆ ಆಡುವ ಯುದ್ಧದ ಆಟ. ಮಂಚದಗಲದ ನಕ್ಷೆ, ಅದರ ತುಂಬ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು, ನಡುವೆ ಬೆಟ್ಟದ ಮೇಲೊಂದು ಕೋಟೆ. ಒಬ್ಬರು ಕೋಟೆ ಕಾಯಬೇಕು, ಇನ್ನೊಬ್ಬರು ಮುತ್ತಿಗೆ ಹಾಕಬೇಕು. ಹೆಬ್ಬೆರಳುದ್ದದ ಸೀಸದ ಗೊಂಬೆಗಳು: ಪಾಳೆಯಗಾರ, ಕುದುರೆಯವರು, ಬಿಲ್ಲಿನವರು, ತುಪಾಕಿಯವರು. ಒಂದು ಆಟ ಮುಗಿಯಲು ಇಡೀ ಭಾನುವಾರ ಬೇಕು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿ ಇದನ್ನು ಮಾಡಿ, ಬಹಳ ದಿನ ನಡೆಸಲಾರದೆ ಬಾಗಿಲು ಹಾಕಿಕೊಂಡಿತ್ತು. ಆಟ ನಿಂತರೂ ಆಡುವವರು ನಿಲ್ಲಲಿಲ್ಲ. ಕಳೆದ ಗೊಂಬೆಗೆ ಬದಲು ಮರದ್ದೋ ಮೇಣದ್ದೋ ಮಾಡಿಕೊಂಡು, ಹರಿದ ನಕ್ಷೆಗೆ ಹಿಂದಿನಿಂದ ಬಟ್ಟೆ ಅಂಟಿಸಿಕೊಂಡು ಮೈಸೂರು, ಶಿವಮೊಗ್ಗ, ಹೊಸೂರು ಎಂದು ಅಲ್ಲಲ್ಲಿ ಉಳಿದುಕೊಂಡಿದ್ದರು. ಫೋನು ಬಂದ ಮೇಲೆ ಅವರೆಲ್ಲ ಒಂದು ಗ್ರೂಪಿನಲ್ಲಿ ಸೇರಿದ್ದರು.

ಈ ಕಡೆಯ ಆಟವೆಲ್ಲ ಜಂಗಮಕೋಟೆಯ ರಮೇಶ್‌ಬಾಬುವಿನ ಮನೆಯಲ್ಲಿ. ಅವನೂ ತನುಜಳೂ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಒಂದೇ ಕ್ಲಾಸು. ಅವನ ಚಿಕ್ಕಪ್ಪ ಬೆಂಗಳೂರಿನಿಂದ ತಂದುಕೊಟ್ಟ ಗಿರಿದುರ್ಗದ ಡಬ್ಬವನ್ನು ಅವನು ಒಂದು ದಿನ ಕ್ಯಾಂಟೀನಿಗೆ ಹೊತ್ತು ತಂದಿದ್ದ. ಅಂದು ಶುರುವಾದದ್ದು. ಈಗ ಅವನು ಜಮೀನು ನೋಡಿಕೊಂಡು, ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದಾನೆ. ರೇಷ್ಮೆ ಬೆಳೆ ಇಲ್ಲದ ದಿನಗಳಲ್ಲಿ ಅವನ ಹುಳುಮನೆ ಖಾಲಿ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಎರಡು ಮೇಜು ಜೋಡಿಸಿ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯ ನಡುವೆ ನಕ್ಷೆ ಹಾಸುತ್ತಿದ್ದರು.

ಆಟದಲ್ಲಿ ಇನ್ನೊಂದು ಗೊಂಬೆಯಿತ್ತು. ಉಳಿದವಕ್ಕಿಂತ ಕುಳ್ಳು, ಕೈಯಲ್ಲಿ ಕೋಲು, ತಲೆಗೊಂದು ಸುತ್ತು ಬಟ್ಟೆ. ನಿಯಮದ ಪುಸ್ತಕದಲ್ಲಿ ಅದರ ಹೆಸರು ತೋಟಿ. ಉಳಿದ ಯಾವ ಗೊಂಬೆ ಸತ್ತರೂ ಅಂಕ ಕಳೆಯುತ್ತಿತ್ತು; ಇದರ ಮುಂದೆ ಮಾತ್ರ ಹೀಗೆ ಅಚ್ಚಾಗಿತ್ತು: ತೋಟಿ ಸತ್ತರೆ ಲೆಕ್ಕಕ್ಕಿಲ್ಲ.

ಕಾಲೇಜಿನ ಆ ಕ್ಯಾಂಟೀನಿನಲ್ಲಿ ಆ ಸಾಲು ಓದಿದಾಗ ತನುಜಳ ಕಿವಿ ಬಿಸಿಯಾಗಿತ್ತು. ಅವಳ ತಾತ ಮುನಿಶಾಮಿ ದಿಬ್ಬೂರಹಳ್ಳಿಯ ತೋಟಿ. ಊರಿಗೆ ಸುದ್ದಿ ಸಾರುವುದು, ಅಮಲ್ದಾರರು ಬಂದರೆ ಮುಂದೆ ಓಡುವುದು, ಸತ್ತ ದನ ಹೊರುವುದು ಅವರ ಪಾಲಿನ ಕೆಲಸ. ಅಪ್ಪ ಚಲಪತಿ ಆ ಚಾಕರಿ ತನಗೆ ಬೇಡವೆಂದು ವಿದ್ಯುತ್ ಇಲಾಖೆ ಸೇರಿ, ಚಿಂತಾಮಣಿಯಲ್ಲಿ ಮನೆ ಕಟ್ಟಿ, ನಡುಮನೆಯಲ್ಲಿ ಬುದ್ಧನ ಪಟ ಹಾಕಿದ್ದರು. ತನುಜ ಸುತ್ತ ನೋಡಿದಳು. ಯಾರೂ ಏನನ್ನೂ ಗಮನಿಸಿರಲಿಲ್ಲ. ಯಾರಾದರೂ ಆ ಹೆಸರನ್ನು ತನ್ನ ಮುಖ ನೋಡುತ್ತ ಹೇಳುವ ಮೊದಲೇ ತಾನೇ ಅದನ್ನು ಕೈಗೆತ್ತಿಕೊಂಡುಬಿಟ್ಟರೆ ಸರಿ ಎಂದು ಅವಳಿಗೆ ಅನ್ನಿಸಿತು. ಎತ್ತಿಕೊಂಡಳು.

ಕೋಟೆಯ ಬಾಗಿಲ ಮುಂದೆ ಶತ್ರು ಮದ್ದು ಹೂತಿಟ್ಟಿರುತ್ತಾನೆ; ಎಲ್ಲಿ ಎಂಬುದು ಕೋಟೆಯವರಿಗೆ ಕಾಣುವುದಿಲ್ಲ. ತನುಜ ಬಾಗಿಲು ತೆರೆದು ಮೊದಲು ತೋಟಿಗಳನ್ನೆಲ್ಲ ಸಾಲಾಗಿ ಹೊರಗೆ ಓಡಿಸಿದಳು. ಮದ್ದು ಅವರ ಮೇಲೆ ಸಿಡಿಯಿತು. ತೆರವಾದ ದಾರಿಯಲ್ಲಿ ಕುದುರೆಗಳು ನುಗ್ಗಿದವು. ಲೆಕ್ಕಕ್ಕಿಲ್ಲದ ಗೊಂಬೆಗಳು ಸತ್ತದ್ದರಿಂದ ಅವಳ ಲೆಕ್ಕ ಒಂದಿಷ್ಟೂ ಕಡಿಮೆಯಾಗಲಿಲ್ಲ. ಯಾರಿಗೂ ಹೊಳೆಯದಿದ್ದ ಉಪಾಯ. ಮೈಸೂರಿನಲ್ಲಿ ನಡೆದ ಪಂದ್ಯವನ್ನು ಅವಳು ಅದರಿಂದಲೇ ಗೆದ್ದು ಬಹುಮಾನದ ಕಪ್ಪು ತಂದಳು. ಅಂದಿನಿಂದ ಎಲ್ಲೇ ಗಿರಿದುರ್ಗ ಆಡಲಿ, ಆ ಉಪಾಯಕ್ಕೆ ತನುಜ ನಡೆ ಎಂದೇ ಹೆಸರು.

ಹೊಸ ಕಂಪನಿಯ ಸುದ್ದಿ ಬಂದ ವಾರ ಗ್ರೂಪಿನಲ್ಲಿ ಹಬ್ಬವೋ ಹಬ್ಬ. ಹೊಸೂರಿನವನೊಬ್ಬ ತನ್ನ ಹಳೆಯ ಗೊಂಬೆಗಳಿಗೆ ಹೂ ಮುಡಿಸಿ ಫೋಟೋ ಹಾಕಿದ. ತನುಜಳೂ ನಗುತ್ತ, ಬೇರೆಯವರ ಮಾತಿಗೆ ಹಾರ್ಟ್ ಒತ್ತುತ್ತ ಓಡಾಡಿದಳು. ಆಮೇಲೆ ಕಂಪನಿಯವರು ಹೊಸ ನಿಯಮಗಳ ಕರಡನ್ನು ಅಭಿಪ್ರಾಯ ಕೇಳಿ ಹಂಚಿದರು. ಅದರಲ್ಲಿ ತೋಟಿ ಎಂಬ ಹೆಸರಿರಲಿಲ್ಲ, ಕಾವಲಿನವನು ಎಂದಿತ್ತು. ಅವನು ಸತ್ತರೆ ಕುದುರೆಯವನು ಸತ್ತಷ್ಟೇ ನಷ್ಟ. ಅಂದರೆ ತನುಜ ನಡೆ ಆಡಿದವರು ಸೋಲುವುದು ಖಂಡಿತ.

ಗ್ರೂಪು ಹೊತ್ತಿಕೊಂಡಿತು. "ಇತಿಹಾಸ ಇದ್ದಂಗೆ ಇರ್ಲಿ, ತಿದ್ದೋಕೆ ಇವ್ರು ಯಾರು?" "ಆಟದಲ್ಲೂ ಮೀಸಲಾತಿನಾ?" "ಹಳೇ ಆಟ ವಾಪಸ್ ಕೊಡಿ, ಇಲ್ಲಾಂದ್ರೆ ನಿಮ್ಮ ಡಬ್ಬ ನೀವೇ ಇಟ್ಕೊಳ್ಳಿ." ಹೊಸ ನಿಯಮ ಸರಿ ಎಂದ ಒಂದಿಬ್ಬರನ್ನು ಎಲ್ಲರೂ ಸೇರಿ ಕಿತ್ತಾಡಿ ಓಡಿಸಿದರು. ಯಾರೋ ಒಂದು ಚಿತ್ರ ಮಾಡಿ ಹಾಕಿದರು: ಕೋಟೆಯ ಬಾಗಿಲು, ಅದರ ಕೆಳಗೆ ದಪ್ಪಕ್ಷರದಲ್ಲಿ 'ತನುಜ ನಡೆ ಉಳಿಸಿ.' ಸಂಜೆಯೊಳಗೆ ಎಲ್ಲರ ಡಿಪಿಯಲ್ಲೂ ಅದೇ. ತನುಜ ತನ್ನ ಹೆಸರನ್ನು ನೋಡಿದಳು, ಫೋನು ಬೋರಲು ಹಾಕಿದಳು, ಮತ್ತೆ ತೆಗೆದು ನೋಡಿದಳು. ಏನು ಬರೆಯಬೇಕೆಂದು ತೋಚಲಿಲ್ಲ. ಆ ನಡೆ ಅವಳದೇ. ಅದು ಹೋಗುತ್ತದೆ ಎಂದಾಗ ಒಳಗೆಲ್ಲೋ ಚುಚ್ಚಿದ್ದೂ ನಿಜ. ಹಾಗೆ ಚುಚ್ಚಿದ್ದೇ ಅವಳಿಗೆ ನಾಚಿಕೆ.

ಅವಳು ಬರೆಯದಿದ್ದರೇನು, ರಮೇಶ್‌ಬಾಬು ಬರೆದ. ಯಾರೋ 'ಈ ಗೊಂಬೆ ಕೆಲವರಿಗೆ ಅವಮಾನ' ಎಂದಿದ್ದಕ್ಕೆ ಅವನ ಉತ್ತರ: 'ಅವಮಾನ ಯಾರಿಗೆ ಸ್ವಾಮಿ? ಈ ನಡೆ ಕಂಡುಹಿಡಿದ ನಮ್ಮ ತನುಜ ಅವರೇ ಆ ಜನಾಂಗದವರು. ಅವರ ತಾತನೇ ತೋಟಿಯಾಗಿದ್ದವರು. ಅವರಿಗೇ ಇಲ್ಲದ ಬೇಸರ ನಿಮಗ್ಯಾಕೆ?'

ಅದರ ಕೆಳಗೆ ಚಪ್ಪಾಳೆಗಳ ಸಾಲು.

ತನುಜ ಅದನ್ನು ಓದಿದ್ದು ಸ್ಟಾಫ್ ರೂಮಿನಲ್ಲಿ. ಮೊದಲು ಏನೂ ಆಗಲಿಲ್ಲ. ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳನ್ನು ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಮತ್ತೆ ಬಿಚ್ಚಿ ಮತ್ತೆ ಜೋಡಿಸಿದಳು. ತಾತ ತೋಟಿಯಾಗಿದ್ದ ಸಂಗತಿಯನ್ನು ಅವಳು ರಮೇಶ್‌ಬಾಬುವಿಗೆ ಹೇಳಿದ್ದು ಒಂದೇ ಸಲ, ಅವನ ತಂದೆ ತೀರಿಕೊಂಡ ವಾರ, ಇಬ್ಬರೂ ಹುಳುಮನೆಯ ಕಟ್ಟೆಯ ಮೇಲೆ ಕೂತು ಹಿರಿಯರ ಬಗ್ಗೆ ಮಾತಾಡುತ್ತಿದ್ದಾಗ.

ಮರುದಿನವೇ ಜಂಗಮಕೋಟೆಗೆ ಹೋದಳು. ರಮೇಶ್‌ಬಾಬು ಹುಳುಮನೆಯಲ್ಲಿ ಸುಣ್ಣ ಬಳಿಯುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು.

"ಬಾ ಬಾ. ನೋಡಿದ್ಯಾ, ಹೆಂಗೆ ಬಾಯಿ ಮುಚ್ಚಿಸ್ದೆ ಅವ್ರನ್ನ?"

"ಅಳಿಸು ಅದನ್ನ."

"ಯಾಕೆ?"

"ನನ್ನ ಕೇಳಿದ್ಯಾ ರಮೇಶ, ಬರೆಯೋಕೆ ಮುಂಚೆ?"

ಅವನು ನಿಜಕ್ಕೂ ಗಲಿಬಿಲಿಗೊಂಡ. "ನಿನ್ನ ಪರವಾಗೇ ಅಲ್ವೇನಮ್ಮ ಬರ್ದಿದ್ದು? ನಿನ್ನ ನಡೆ ಉಳೀಲಿ ಅಂತ. ಇಷ್ಟು ವರ್ಷ ಆಡಿದೀವಿ, ಒಂದಿನಾನಾದ್ರೂ ನೀನು ಬೇಜಾರು ಅಂದಿದ್ಯಾ?"

"ಅಂದಿಲ್ಲ."

"ಮತ್ತೆ? ನಮ್ಮನೇಲಿ ಯಾವತ್ತಾದ್ರೂ ಭೇದ ಮಾಡಿದೀವಾ? ಒಂದೇ ತಟ್ಟೇಲಿ ತಿಂದಿದೀವಲ್ಲ?"

"ಮಾಡಿಲ್ಲ ಅಂತ ಇವತ್ತು ಎಣಿಸಿ ತೋರಿಸ್ತಿದ್ದೀಯಲ್ಲ, ಅದಕ್ಕೆ ಏನನ್ನಲಿ?"

ಕಾಫಿ ಹಿಡಿದು ಬಂದ ಅವನ ಹೆಂಡತಿ ಶೋಭಾರಾಣಿ ಬಾಗಿಲಲ್ಲೇ ನಿಂತಳು. ರಮೇಶ್‌ಬಾಬು ಸುಣ್ಣದ ಕೈ ಪಂಚೆಗೆ ಒರೆಸಿಕೊಂಡು, ಫೋನು ತೆಗೆದು, ಅವಳ ಎದುರಿಗೇ ಅಳಿಸಿದ. "ಸರೀನಾ?" ಎಂದ. ಆ ದನಿಯಲ್ಲಿ ಮಕ್ಕಳ ಹಟಕ್ಕೆ ಸೋತವನ ತಾಳ್ಮೆಯಿತ್ತು. ತನುಜ ಕಾಫಿ ಕುಡಿಯದೆ ಹೊರಟಳು. ದಾರಿಯುದ್ದಕ್ಕೂ ಶೋಭಾರಾಣಿಯ ಮುಖ ನೆನಪಾಗಿ, ಅವಳೇನು ತಪ್ಪು ಮಾಡಿದ್ದಳು, ಕಾಫಿ ಕುಡಿದೇ ಬರಬಹುದಿತ್ತು ಎಂದು ಹಳಹಳಿಸಿದಳು.

ಅಳಿಸಿದರೇನು, ಸ್ಕ್ರೀನ್‌ಶಾಟು ಊರೂರು ಸುತ್ತಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ ಒಬ್ಬರು ಊಟದ ಡಬ್ಬ ಬಿಚ್ಚುತ್ತ, "ನೀವು ಅವ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ ಮೇಡಂ, ನೋಡಿದ್ರೆ ಹೇಳೋಕಾಗಲ್ಲ" ಎಂದು ಬಹಳ ಪ್ರೀತಿಯಿಂದ ನಕ್ಕರು. ತನುಜಳೂ ನಕ್ಕಳು. ಮನೆಗೆ ಬಂದ ಮೇಲೆ ಆ ತನ್ನ ನಗುವನ್ನು ನೆನೆದು ಮೈಯೆಲ್ಲ ಉರಿಯಿತು.

ಆ ಶನಿವಾರ ಒಬ್ಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಹೆಸರು ಹರಿಣಿ, ಹೊಸ ಕಂಪನಿಯವಳು. ತನುಜಳ ತಾಯಿ ಮಂಗಮ್ಮ ಕೊಟ್ಟ ಅವರೆಕಾಳಿನ ಉಪ್ಪಿಟ್ಟನ್ನು ಸಂಕೋಚವಿಲ್ಲದೆ ತಿಂದು, ನಡುಮನೆಯ ಪಟಕ್ಕೆ ಕೈ ಮುಗಿದಳು.

"ನಾನೂ ನಿಮ್ಮೋಳೇ ಅಕ್ಕ. ಗೌರಿಬಿದನೂರು ನಮ್ಮದು" ಎಂದಳು. "ಆ ಹೊಸ ನಿಯಮ ಬರ್ದಿದ್ದು ನಾನೇ. ಚಿಕ್ಕೋಳಿದ್ದಾಗ ನಮ್ಮಣ್ಣನ ಹತ್ರ ಈ ಆಟ ಇತ್ತು. ಯಾರಾದ್ರೂ ಮನೆಗೆ ಆಡೋಕೆ ಬಂದ್ರೆ ಆ ತೋಟಿ ಗೊಂಬೆಗಳನ್ನ ಅಕ್ಕಿ ಡಬ್ಬದಲ್ಲಿ ಬಚ್ಚಿಡ್ತಿದ್ದೆ. ಕಳ್ದೋಗಿವೆ ಅಂತಿದ್ದೆ."

ಈ ಹುಡುಗಿ ಬಚ್ಚಿಟ್ಟಳು. ತಾನು ಅವುಗಳಿಂದಲೇ ಕಪ್ಪು ಗೆದ್ದು ತಂದು ಶೋಕೇಸಿನಲ್ಲಿಟ್ಟಳು. ಆ ಕಪ್ಪು ಹರಿಣಿಯ ತಲೆಯ ಹಿಂದೆಯೇ ಹೊಳೆಯುತ್ತಿತ್ತು.

"ಚಿಕ್ಕಬಳ್ಳಾಪುರದಲ್ಲಿ ಒಂದು ಕಾರ್ಯಕ್ರಮ ಇಟ್ಕೊಂಡಿದೀವಿ. ಅಭಿಮಾನಿಗಳೆಲ್ಲ ಬರ್ತಾರೆ. ನೀವು ಬಂದು ಹೊಸ ನಿಯಮ ಸರಿ ಅಂತ ಒಂದ್ ಮಾತು ಹೇಳಿದ್ರೆ ಎಲ್ರ ಬಾಯಿ ಮುಚ್ಚುತ್ತೆ. ನೀವು ಹೇಳಿದ್ರೆ ಬೇರೆ ಅಕ್ಕ. ಡಬ್ಬದ ಮೇಲೆ ನಿಮ್ಮ ಫೋಟೋನೂ ಹಾಕೋಣ ಅಂತಿದೀವಿ."

ಬಾಯಿ ಮುಚ್ಚುತ್ತೆ. ರಮೇಶ್‌ಬಾಬು ಆಡಿದ್ದೂ ಅದೇ ಮಾತು. ತನುಜ ನಿಧಾನವಾಗಿ ಕೇಳಿದಳು: "ಆಟ ಮಾಡಿದವರು ಬದುಕಿದ್ದಾರಾ?"

"ವೆಂಕಟರವಣಪ್ಪನವ್ರಾ? ಇದ್ದಾರೆ. ಅವತ್ತು ಅವ್ರನ್ನೂ ಕರೆಸ್ತಿದೀವಿ."

"ಹಂಗಾದ್ರೆ ಬರ್ತೀನಿ. ಫೋಟೋ ಬೇಡ. ಅವ್ರನ್ನ ಒಂದು ಮಾತು ಕೇಳ್ಬೇಕು."

ಹರಿಣಿಗೆ ಅಷ್ಟು ಸಮಾಧಾನವಾಗಲಿಲ್ಲ. ಆದರೂ ಒಪ್ಪಿ ಹೋದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಚಲಪತಿ ಹೊರಗೆ ಬಂದು, "ನಾನೂ ಬರ್ತೀನಮ್ಮ" ಎಂದರು. ಅಪ್ಪಣೆ ಕೇಳುವ ದನಿಯಾಗಿರಲಿಲ್ಲ ಅದು.

ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ. ಮದುವೆಯ ಕುರ್ಚಿಗಳನ್ನೇ ಹಾಕಿದ್ದರು. ಎಷ್ಟೋ ಊರಿನ ಮಂದಿ. ಫೋನಿನಲ್ಲಿ ಮಾತ್ರ ಕಂಡಿದ್ದವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಕೆಲವರ ಟೀ ಶರ್ಟಿನ ಮೇಲೆ 'ತನುಜ ನಡೆ ಉಳಿಸಿ' ಎಂದಿತ್ತು. ಅಂಥ ಒಬ್ಬ ಹುರುಪಿನಿಂದ ಬಂದು ಅವಳ ಜೊತೆ ಸೆಲ್ಫಿ ಕೇಳಿದ. ಅವನ ಕಣ್ಣಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಚಲಪತಿ ಅವನ ಎದೆಯ ಮೇಲಿನ ಅಕ್ಷರಗಳನ್ನು ಓದಿದರು, ಮಗಳ ಕಡೆ ನೋಡಿದರು, ಹೋಗಿ ಹಿಂದಿನ ಸಾಲಿನಲ್ಲಿ ಕೂತರು.

ವೆಂಕಟರವಣಪ್ಪನವರನ್ನು ಇಬ್ಬರು ತೋಳು ಹಿಡಿದು ಕರೆತಂದರು. ಬಡಕಲು ದೇಹ, ದಪ್ಪ ಕನ್ನಡಕ, ಕಿವಿ ಮಂದ. ಸಭೆ ಎದ್ದು ನಿಂತಿತು. ಪ್ರಶ್ನೆಗಳಿಗೆ ಮೊದಲು ಮೈಕು ಸಿಕ್ಕಿದ್ದು ತನುಜಳಿಗೆ.

"ಸರ್, ತೋಟಿ ಸತ್ತರೆ ಲೆಕ್ಕಕ್ಕಿಲ್ಲ ಅಂತ ಯಾಕೆ ಬರೆದ್ರಿ?"

ಒಂದು ಕಡೆಯವರು, ಚರಿತ್ರೆ ಹಾಗೇ ಇತ್ತಮ್ಮ ಎನ್ನಲಿ ಎಂದು ಕಾದರು. ಇನ್ನೊಂದು ಕಡೆಯವರು, ಆಡುವವರಿಗೆ ನಾಚಿಕೆಯಾಗಲಿ ಎಂದೇ ಬರೆದೆ ಎನ್ನಲಿ ಎಂದು ಕಾದರು. ಪ್ರಶ್ನೆಯನ್ನು ಕಿವಿಯ ಹತ್ತಿರ ಇನ್ನೊಮ್ಮೆ ಹೇಳಬೇಕಾಯಿತು.

"ಓ, ಅದಾ" ಎಂದರು ಮುದುಕರು. "ಸೀಸ ಹೊಯ್ಯೋ ಅಚ್ಚು ಮಾಡಿಸಿದ್ವಿ ನೋಡಿ. ದೊಡ್ಡ ಗೊಂಬೆ ಎಲ್ಲ ಹಾಕಿದ್ ಮೇಲೆ ಮೂಲೇಲಿ ಒಂಚೂರು ಜಾಗ ಉಳೀತು. ಸುಮ್ನೆ ಯಾಕೆ ಬಿಡೋದು ಅಂತ ಅಲ್ಲಿಗೆ ಹಿಡಿಯೋ ಅಂಥ ಕುಳ್ಳು ಗೊಂಬೆ ಮಾಡ್ಸಿದೆ. ಅದಕ್ಕೆ ಏನಾದ್ರೂ ಹೆಸರು ಬೇಕಲ್ಲ. ಅಂಕದ ಲೆಕ್ಕ ಎಲ್ಲ ಮುಂಚೆನೇ ಮುಗಿದೋಗಿತ್ತು, ಮತ್ತೆ ಯಾರು ಕೂಡ್ತಾರೆ ಅಂತ ಲೆಕ್ಕಕ್ಕಿಲ್ಲ ಅಂತ ಬರ್ದೆ. ಅಷ್ಟೇ ಕಣಮ್ಮ. ನಂಗೆ ನೆನಪೂ ಇರ್ಲಿಲ್ಲ."

ಜನ ನಕ್ಕರು. ಎರಡು ಕಡೆಯವರೂ ನಕ್ಕರು. ಮುದುಕರಿಗೂ ಖುಷಿಯಾಯಿತು. ತನುಜ ಮೈಕು ಹಿಡಿದು ನಿಂತೇ ಇದ್ದಳು. ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೆ ಏನು ಮಾಡುವುದು? ಅವಳ ಕಿವಿ ಬಿಸಿಯಾದದ್ದು, ಹರಿಣಿ ಅಕ್ಕಿ ಡಬ್ಬಕ್ಕೆ ಕೈ ಹಾಕಿದ್ದು, ಇಷ್ಟು ಮಂದಿ ಹಗಲೂ ಇರುಳೂ ಕಿತ್ತಾಡಿದ್ದು, ಎಲ್ಲ ಅಚ್ಚಿನ ಮೂಲೆಯಲ್ಲಿ ಉಳಿದ ಜಾಗಕ್ಕೆ. ಯಾರೂ ಯೋಚಿಸಿಯೇ ಇರಲಿಲ್ಲ.

ಹಿಂದಿನಿಂದ ಒಬ್ಬ ಕೂಗಿದ: "ತನುಜ ನಡೆ ತೋರಿಸಿ ಮೇಡಂ! ಹಳೇ ಗೊಂಬೇಲಿ!" ಇನ್ನೊಬ್ಬ ಸೇರಿಕೊಂಡ, ಆಮೇಲೆ ಹತ್ತಾರು ಮಂದಿ, ತಾಳಕ್ಕೆ ಚಪ್ಪಾಳೆ. ವೇದಿಕೆಯ ಮೇಲೆ ಮೇಜು ಸಿದ್ಧವಿತ್ತು. ರಮೇಶ್‌ಬಾಬು ಆಗಲೇ ಎದುರಿನ ಕುರ್ಚಿಯಲ್ಲಿ ಕೂತು ಅವಳತ್ತ ನೋಡುತ್ತಿದ್ದ. ಅವನ ಮುಖದಲ್ಲಿ ಆಸೆಯಿತ್ತು; ಒಂದು ಆಟ ಆಡಿಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಎಂಬ ಆಸೆ. ತನುಜಳ ಕಾಲು ಆ ಕಡೆ ಹೆಜ್ಜೆ ಇಟ್ಟೇಬಿಟ್ಟಿತು. ಹಾಸಿದ ನಕ್ಷೆ ಕಂಡರೆ ಕೂರದೆ ಇದ್ದವಳಲ್ಲ ಅವಳು.

ಮೇಜಿನ ಹತ್ತಿರ ಹೋಗಿ ನಿಂತಳು. ಮೈಕು ಇನ್ನೂ ಕೈಯಲ್ಲೇ ಇತ್ತು.

"ಈ ನಡೆಗೆ ನನ್ನ ಹೆಸರು ಬೇಡ" ಎಂದಳು. "ಹಳೇ ಆಟದಲ್ಲೂ ಬೇಡ, ಹೊಸದರಲ್ಲೂ ಬೇಡ. ನೀವು ಆಡೋದಾದ್ರೆ ಆಡ್ಕೊಳ್ಳಿ, ಬಿಡೋದಾದ್ರೆ ಬಿಡಿ. ನನ್ನ ಹೆಸರು ಹೇಳ್ಬೇಡಿ. ನನಗೆ ಬೇಜಾರಿಲ್ಲ ಅಂತ ಯಾರೂ ಹೇಳ್ಬೇಡಿ. ಬೇಜಾರಿದೆ ಅಂತಾನೂ ನನ್ನ ಬದಲು ಯಾರೂ ಹೇಳ್ಬೇಡಿ."

ಸೆಲ್ಫಿ ಕೇಳಿದ್ದ ಆ ಹುಡುಗ ಎದ್ದು, ಅಳುವವನ ಹಾಗೆ, "ಹೆಸರು ಇಟ್ಟಿದ್ದು ನಾವಲ್ವಾ ಮೇಡಂ, ನೀವು ಹೆಂಗೆ ತೆಗೀತೀರಾ?" ಎಂದ. ಅದಕ್ಕೂ ಚಪ್ಪಾಳೆ ಬಿತ್ತು. ಹರಿಣಿ ತಲೆ ತಗ್ಗಿಸಿ ಏನೋ ಕಾಗದ ಮಡಿಸುತ್ತಿದ್ದಳು. ಅವಳ ಕಣ್ಣು ತುಂಬಿದ್ದನ್ನು ತನುಜ ಕಂಡಳು. ಮೈಕನ್ನು ನಕ್ಷೆಯ ಮೇಲಿಟ್ಟು ಇಳಿದಳು. ಚಲಪತಿ ಆಗಲೇ ಎದ್ದು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಬಸ್ಸು ಶಿಡ್ಲಘಟ್ಟ ದಾಟಿತು. ಸ್ಟ್ಯಾಂಡಿನಲ್ಲಿ ಚಲಪತಿ ಬೇಯಿಸಿದ ಕಡಲೆಕಾಯಿ ಕೊಂಡಿದ್ದರು. ಪೊಟ್ಟಣ ಬಿಚ್ಚುತ್ತ, "ಆ ನಡೆ ಹೆಂಗೆ ಅಂತ ನಂಗೆ ಹೇಳು" ಎಂದರು.

"ಬೇಡಪ್ಪ."

"ಹೇಳು. ಕಪ್ಪು ತಂದ ದಿನ ನಾನು ಬೀದಿಯವ್ರಿಗೆಲ್ಲ ಸ್ವೀಟು ಹಂಚಿದೀನಿ. ಯಾತಕ್ಕೆ ಹಂಚಿದೆ ಅಂತ ಗೊತ್ತಾಗ್ಬೇಡವಾ?"

ಅವಳು ತೊಡೆಯ ಮೇಲೆ ಚೀಲ ಇಟ್ಟು, ಕಡಲೆಕಾಯಿಗಳನ್ನು ಸಾಲಾಗಿ ಜೋಡಿಸಿ ತೋರಿಸಿದಳು. ಇದು ಬಾಗಿಲು. ಇವು ಮದ್ದು. ಇವರು ಮೊದಲು ಓಡುತ್ತಾರೆ. ಬಸ್ಸು ಕುಲುಕಿದಾಗ ಕಾಯಿ ಉರುಳಿದವು, ಮತ್ತೆ ಜೋಡಿಸಿದಳು. ಚಲಪತಿ ಕನ್ನಡಕ ಮೇಲೇರಿಸಿ ಪೂರ್ತಿ ಕೇಳಿದರು.

"ಬುದ್ಧಿವಂತಿಕೆ ಕಣಮ್ಮ" ಎಂದರು ಕೊನೆಗೆ. "ಬುದ್ಧಿ ನಿಂದೇ, ಅದರಲ್ಲಿ ಎರಡು ಮಾತಿಲ್ಲ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕಿಟಕಿಯ ಕಡೆ ತಿರುಗಿ ಅತ್ತಳು. ಅವರು ತಡೆಯಲಿಲ್ಲ. ಒಂದೊಂದೇ ಕಾಯಿ ಸುಲಿದು ತಿನ್ನುತ್ತ ಹೇಳಿದರು: "ನಿಮ್ಮ ತಾತ ಇದ್ರಲ್ಲ, ಊರಲ್ಲಿ ಯಾರು ಸತ್ರೂ ಅವ್ರೇ ಊರೂರಿಗೆ ಓಡಿ ನಂಟರಿಗೆ ಹೇಳಿ ಬರೋರು. ಬಿಸಿಲು ಮಳೆ ಅನ್ನಂಗಿಲ್ಲ. ಅವ್ರು ಹೋದ ದಿನ ಹೇಳಿ ಬರೋಕೆ ಊರಲ್ಲಿ ಯಾರೂ ಇರ್ಲಿಲ್ಲ. ನಾನೇ ಓಡ್ದೆ. ಹೆಣ ಮನೇಲಿ ಬಿಟ್ಟು ನಾನು ಓಡ್ತಾ ಇದ್ದೆ. ಅವತ್ತೇ ಅಂದ್ಕೊಂಡೆ, ಇನ್ಮೇಲೆ ನಮ್ಮಲ್ಲಿ ಯಾರೂ ಓಡಕೂಡ್ದು ಅಂತ." ಸಿಪ್ಪೆಯನ್ನು ಪೊಟ್ಟಣಕ್ಕೆ ಹಾಕುತ್ತ, "ಆ ಮಾತು ನಿಂಗೆ ಮುಂಚೆನೇ ಹೇಳ್ಬೇಕಿತ್ತು. ಓದೋ ಹುಡುಗಿ, ಅದೆಲ್ಲ ಯಾಕೆ ತಲೆಗೆ ಅಂತ ಬಿಟ್ಟೆ" ಎಂದರು.

ಹೊಸ ಗಿರಿದುರ್ಗ ಬೇಸಿಗೆಯಲ್ಲಿ ಬಂತು. ಹರಿಣಿಯ ನಿಯಮವೇ ಉಳಿಯಿತು. ಡಬ್ಬದ ಮೇಲೆ ಯಾರ ಫೋಟೋವೂ ಇರಲಿಲ್ಲ. ಅಭಿಮಾನಿಗಳ ಗ್ರೂಪು ಎರಡಾಯಿತು, ಹಳೆಯದು ಮತ್ತು ಹೊಸದು. ಹಳೆಯದರಲ್ಲಿ ಈಗಲೂ ತನುಜ ನಡೆ ಎಂದೇ ಅನ್ನುತ್ತಾರೆಂದು ಚಿರಂಜೀವಿ ಹೇಳಿದ. ಅವನು ಮಾತ್ರ ಎರಡರಲ್ಲೂ ಇದ್ದ. "ಏಮ್ ಚೇಸೇದಕ್ಕಾ, ಏನ್ ಮಾಡ್ಲಿ, ಎರಡು ಕಡೆನೂ ಗಿರಾಕಿಗಳೇ" ಎಂದು ತಲೆ ಕೆರೆದುಕೊಂಡ. ತನುಜ ಎರಡನ್ನೂ ಬಿಟ್ಟಿದ್ದಳು. ಭಾನುವಾರಗಳು ಉದ್ದವಾದವು. ಕೆಲವು ಸಲ ಕೈ ತಾನಾಗಿ ಮೇಜಿನ ಮೇಲೆ ಏನನ್ನೋ ಜರುಗಿಸುತ್ತಿತ್ತು. ಆಟದ ಮೇಲಿನ ಆಸೆ ಹೋಗಿರಲಿಲ್ಲ, ಅದೇ ಕಷ್ಟ.

ಮಳೆಗಾಲದ ಶುರುವಿಗೆ ರಮೇಶ್‌ಬಾಬು ಕಾಲೇಜಿನ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದ. ಟೊಮೆಟೊ ಮಂಡಿಗೆ ಬಂದವನು ಹಾಗೇ ಬಂದೆ ಎಂದ. ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತರು. ಅವನು ತುಂಬ ಹೊತ್ತು ಗ್ಲಾಸನ್ನೇ ತಿರುಗಿಸುತ್ತಿದ್ದ.

"ತಪ್ಪಾಯ್ತು ಕಣಮ್ಮ. ನಿಮ್ಮ ಜಾತಿ ವಿಷ್ಯ ಗ್ರೂಪಲ್ಲಿ ಹಾಕಬಾರ್ದಿತ್ತು. ಶೋಭಾನೂ ಬೈದ್ಲು."

"ಜಾತಿ ಹೇಳಿದ್ದಕ್ಕಲ್ಲ ರಮೇಶ. ಅದನ್ನ ನಾನು ಬಚ್ಚಿಟ್ಟಿರ್ಲಿಲ್ಲ. ನಂಗೆ ಬೇಜಾರಿಲ್ಲ ಅಂತ ನೀನು ಹೇಳ್ದೆ. ನಂಗೆ ಬೇಜಾರಿದೆಯೋ ಇಲ್ವೋ ನಂಗೇ ಗೊತ್ತಿರ್ಲಿಲ್ಲ ಆವಾಗ. ನೀನು ತೀರ್ಮಾನ ಮಾಡ್ಬಿಟ್ಟೆ."

ಅವನು ಯೋಚಿಸಿದ. ಪ್ರಾಮಾಣಿಕವಾಗಿ ಯೋಚಿಸುತ್ತಿದ್ದಾನೆಂದು ಅವಳಿಗೆ ಕಂಡಿತು. ಪರೀಕ್ಷೆಗೆ ಓದುವಾಗಲೂ ಅವನ ಹುಬ್ಬು ಹೀಗೇ ಗಂಟಿಕ್ಕುತ್ತಿತ್ತು.

"ಎರಡೂ ಒಂದೇ ಅಲ್ವಾ?" ಎಂದ.

"ಅಲ್ಲ."

"ನಂಗೆ ಗೊತ್ತಾಗ್ತಿಲ್ಲ ತನುಜ. ಸುಳ್ಳು ಹೇಳಲ್ಲ. ನಿಜವಾಗ್ಲೂ ಗೊತ್ತಾಗ್ತಿಲ್ಲ."

ಇಷ್ಟು ದಿನದಲ್ಲಿ ಅವಳ ಎದುರು ಯಾರಾದರೂ ಆಡಿದ ನೇರವಾದ ಮಾತು ಅದೊಂದೇ ಅನ್ನಿಸಿತು. ಅದಕ್ಕೆ ಅವನನ್ನು ಕ್ಷಮಿಸಬೇಕೋ ಬೇಡವೋ ತಿಳಿಯಲಿಲ್ಲ. ಟೀ ಮುಗಿಸಿದಳು. ಶೋಭಾರಾಣಿಯನ್ನು ಕೇಳಿದೆನೆಂದು ಹೇಳು ಎಂದಳು. ಎರಡು ಗಂಟೆಯ ಬೆಲ್ಲು ಹೊಡೆಯಿತು. ಅವನು ಸ್ಕೂಟರಿನ ಹತ್ತಿರ ಹೋಗದೆ ಇನ್ನೂ ಬೆಂಚಿನಲ್ಲೇ ಕೂತಿದ್ದ. ಅವಳು ರಸ್ತೆ ದಾಟಿ ಕ್ಲಾಸಿಗೆ ನಡೆದಳು.